ದಾರಿ ಹಾಡಿಗೆ ಗಿಟಾರ್ ಬೇಕಾ? ಪರ – ವಿರೋಧ

ಪರ

ಯಾತ್ರಿಗೆ ನಡಕೊಂತ ಹೋಗುವಾಗ ಹಾಡೋ ದಾರಿ ಹಾಡಿಗೆ ಗಿಟಾರ್ ಬೇಕ್ರಿ. ಯಾಕ ಬ್ಯಾಡ? ನಮ್ಮ ಸೊಲ್ಲಾಪುರ ಕಡಿ ಹುಡುಗ್ರು ಒಂದು ಆಲ್ಬಮ್ ಮಾಡ್ಯಾರ, ಸಿದ್ಧರಾಮನ ವಚನ ಅದ, ಮರಾಠಿ ಸಂತ ಚೋಖಾಮೇಳನ ಅಭಂಗ, ಅಂದ್ರ ವಿಠ್ಠಲನ ಭಕ್ತಿ ಹಾಡು, ಅದ, ನಡುವ ತತ್ವಪದ ಅದಾವ, ಸೊಲ್ಲಾಪುರ ಬಿಟ್ಟು ಮಂಗಳವೇಢೆ ಪಂಢರಪುರ ಸುತ್ತಿ ಕಡೀಕ ಶ್ರೀಶೈಲ ಮುಟ್ಟೋ ಹಂಗ ಹಾಡು ಜೋಡಿಸ್ಯಾರ. ಗಿಟಾರ್ ಸಪ್ಪಳ ಕೇಳಿದ ಕೂಡಲೇ ನಮ್ಮ ಭಜನಿ ಮೇಳದಾಗ ಅರ್ಧ ಮಂದಿ ಮಾರಿ ಗಂಟ ಹಾಕ್ಕೊಂಡು ಕೂತಾರ. ಅದೇ ಮೇಳದಾಗ ನಾ ಪೇಟಿ (ಹಾರ್ಮೋನಿಯಂ) ಬಾರಸ್ತೀನಿ, ಅವರಿಗೆ ಒಂದೇ ಮಾತು ಕೇಳ್ತೀನಿ, ಈ ಪೇಟಿ ಎಲ್ಲಿಂದ ಬಂತು? ಯುರೋಪಿಂದ, ಅದೂ 19ನೇ ಶತಮಾನದಾಗ. ಸಿದ್ಧರಾಮ ಇದ್ದದ್ದು 12ನೇ ಶತಮಾನ. ಇದು ನಮ್ಮ ಸಂಗೀತಕ್ಕ ಒಗ್ಗಂಗಿಲ್ಲ ಅಂತ ಆಕಾಶವಾಣಿಯವರು 1940ರಾಗ ಪೇಟಿ ಬ್ಯಾನ್ ಮಾಡಿದ್ರು, 1971ರ ತನಕ ಸಡಿಲ ಮಾಡ್ಲಿಲ್ಲ. ಈಗ ಪೇಟಿ ಇಲ್ಲದ ಭಜನಿ ಒಂದು ತೋರಸ್ರಿ ನೋಡೋಣ. ಗಿಟಾರಿಗೂ ಅಷ್ಟು ಟೈಮ್ ಕೊಡ್ರಿ, ಇಲ್ಲಾ ಪೇಟೀನೂ ಹೊರಗ ಇಡ್ರಿ.

ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ್ರು, ಹಿಂದೂಸ್ತಾನಿ ರಾಗದಾಗ. ನಮ್ಮ ಗದಗಿನ ಕಡಿಯ ಭೀಮಸೇನ ಜೋಶಿ ಮರಾಠಿ ಅಭಂಗಾನೂ ಹಾಡಿದ್ರು, ಕನ್ನಡ ದಾಸರ ಪದಾನೂ ಹಾಡಿದ್ರು, ಎಲ್ಲಾ ರೆಕಾರ್ಡ್ ಆಗಿ ಕ್ಯಾಸೆಟ್ ಆಗಿ ನಮ್ಮ ಮನಿಗೆ ಬಂದ್ವು, ಆವಾಗ ಯಾರೂ ಅಪಚಾರ ಅನ್ನಲಿಲ್ಲ. ದೊಡ್ಡವರು ಮಾಡಿದ್ರ ಸಾಧನೆ, ಹುಡುಗ್ರು ಮಾಡಿದ್ರ ಫ್ಯಾಷನ್ ಏನು?

ಸಿದ್ಧರಾಮ ಸಣ್ಣವ ಇದ್ದಾಗ ಮಲ್ಲಯ್ಯ ದೇವರನ್ನ ಹುಡುಕ್ಕೊಂತ ಅಳಕೊಂತ ಶ್ರೀಶೈಲಕ್ಕ ಹೋದ ಅಂತ ರಾಘವಾಂಕ ಬರದಾನ. ಆಮ್ಯಾಗ ಕಲ್ಯಾಣಕ್ಕೂ ಹೋದ. ಇಂಥಾ ತಿರುಗಾಡಿದವನ ಮಾತು ಒಂದೇ ಧಾಟಿಯಾಗ ಒಂದೇ ಕಟ್ಟಿ ಮ್ಯಾಲ ಕೂಡಬೇಕು ಅನ್ನೋದು ಯಾವ ನ್ಯಾಯ. ಜಾತಿ ನೆವ ಮಾಡಿ ಚೋಖಾಮೇಳನ್ನ ಗುಡಿ ಒಳಗ ಬಿಡಲಿಲ್ಲ, ಇದು ಹಿಂಗೇ ಹಾಡಬೇಕು ಇಲ್ಲೇ ಹಾಡಬೇಕು ಅನ್ನೋರನ್ನ ಕಂಡ್ರ ನನಗ ಅವನ್ನ ಬಾಗಿಲದಾಗ ನಿಲ್ಲಿಸಿದವರೇ ನೆನಪಾಗ್ತಾರ. ಜಾಸ್ತಿ ಆತಂತೀರಾ? ಆಗ್ಲಿ ಬಿಡ್ರಿ.

ಮತ್ತ ಒಂದು, ನಡದವರಿಗೇ ಈ ಹಾಡು ಅಂತಾರ. ಮೊಳಕಾಲ ಹಿಡದವರು, ಚಾದರ್ ಕಾರ್ಖಾನಿಯಾಗ ಶಿಫ್ಟ್ ಇದ್ದವರು, ರಜಾ ಸಿಗದವರು ಏನ್ ಮಾಡಬೇಕು? ಮಗ್ಗದ ಸಪ್ಪಳದಾಗ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾರ. ಕೇಳ್ಲಿ. ಪೇಟಿ ಮಾತು ಮಾತ್ರ ಮರೀಬ್ಯಾಡ್ರಿ, ಅದಕ್ಕ ಉತ್ತರ ಕೊಟ್ಟ ಮ್ಯಾಲ ಗಿಟಾರ್ ಬೈರಿ.

ವಿರೋಧ

ಪರ ಬರಿಯಾಕ ಕಾಕಾ ಮೊದಲೇ ಒಪ್ಪಿಬಿಟ್ಟಿದ್ರು, ಉಳದದ್ದು ನನಗ ಬಂತು. ಖರೆ ಹೇಳಬೇಕಂದ್ರ ಈ ಹಾಡು ನನ್ನ ಮೊಬೈಲದಾಗೂ ಅದಾವ. ಆದ್ರೂ ವಿರೋಧ ಬರೀತೀನಿ.

ಪೇಟಿ ವಿಚಾರ ಬಿಡ್ರಿ, ವಾದ್ಯದ ಜಗಳ ಮುಗಿಯಂಗಿಲ್ಲ. ಹಿಂಗೇ ಎಲ್ಲಾದಕ್ಕೂ ಹೂಂ ಅಂದ್ರ ನಾಳೆ ಸೊಲ್ಲಾಪುರದ ಸಿದ್ಧರಾಮನ ಸಂಕ್ರಾಂತಿ ಗಡ್ಡಾ ಜಾತ್ರಿಯಾಗ ನಂದಿಧ್ವಜದ ಮುಂದ ಡಿಜೆ ಹಚ್ರಿ ಅಂತಾರ ಕಾಕಾ, 68 ಲಿಂಗ ಸುತ್ತೋತನಕ ಕುಣೀರಿ.

ನನಗ ಅಡ್ಡ ಬರೋದು ಟೈಮ್. ದಿಂಡಿಯಾಗ, ಅಂದ್ರ ಪಂಢರಪುರಕ್ಕ ಹಾಡಕೊಂತ ನಡಿಯೋ ಭಕ್ತರ ಗುಂಪಿನಾಗ, ಮುಂದಿನವರು ಒಂದು ಸಾಲು ಎತ್ತಿದ್ರ ತಾಳ ಹಿಡದ ಎರಡೂ ಸಾಲಿನವರು ತಿರುಗಿ ಹೇಳ್ತಾರ, ದಾರಿ ಎಷ್ಟದ ಅಷ್ಟು ಹಾಡು. ಆಲ್ಬಮಿನಾಗ ನಾಲ್ಕು ನಿಮಿಷಕ್ಕ ಖತಂ. ಹೋದ ಕಾರ್ತಿಕ ಏಕಾದಶಿಗೆ ಅಕ್ಕಲಕೋಟದಿಂದ ಪಂಢರಪುರಕ್ಕ ಜೀಪಿನಾಗ ಹೊಂಟಿದ್ವಿ, ಡ್ರೈವರಿಗೆ ಹೇಳಿ ನಾನೇ ಈ ಆಲ್ಬಮ್ ಹಚ್ಚಿಸಿದ್ದೆ. ಚೋಖಾಮೇಳನ ಅಭಂಗ ಬಂತು, ಹಿಂದ ಕೂತಿದ್ದ ನಮ್ಮ ಅತ್ತಿ ಗಿಟಾರ್ ಗಿಟಾರ್ ಅಂತ ಏನೂ ಅನ್ನಲಿಲ್ಲ, ಕೈಯಾಗ ತಾಳ ಇಲ್ಲಂತ ಸ್ಟೀಲ್ ಡಬ್ಬಿ ಬಡಕೊಂತ ಜೋಡಿ ಹಾಡಾಕ ಹತ್ತಿದ್ಲು, ಅಕಿ ಇನ್ನೂ ಹಾಡಾಕತ್ತಾಳ ಅಷ್ಟರಾಗ ಹಾಡು ಮುಗದು ಮುಂದಿನದು ಶುರು ಆತು. "ಏ ತಮ್ಮಾ, ಕಡೀ ನುಡಿ ಎಲ್ಲೋ?" ಅಂದ್ಲು. ಹಿಂದಕ್ಕ ತಿರುಗಿಸಿ ಹಚ್ಚಿದೆ. ಇಲ್ಲ. ಚೋಖಾ ಮ್ಹಣೇ (ಚೋಖಾ ಹೇಳ್ತಾನ) ಅಂತ ಅವನ ಹೆಸರು ಬರೋ ನುಡೀನೇ ಇಲ್ಲ. ಜೀಪಿನಾಗ ದೊಡ್ಡ ಗದ್ದಲ, ಡ್ರೈವರ್ ಮರಾಠಿಯಾಗ ನುಡಿ ಹೇಳಿಕೊಡ್ತಾನ, ಅತ್ತಿ ಅದು ತಪ್ಪು ಅಂತಾಳ, ಮೋಹೋಳದಾಗ ಚಾ ಕುಡಿಯೋತನಕ ಅದೇ ಜಗಳ. ಮನಿಗೆ ಬಂದು ನೋಡಿದೆ, ವಚನದಾಗೂ ಹಂಗೇ, ಕಪಿಲಸಿದ್ಧಮಲ್ಲಿಕಾರ್ಜುನ ಅನ್ನೋ ಅಂಕಿತ ಬರೋ ಜಾಗಾದಾಗ ಗಿಟಾರ್ ಸೋಲೋ ಅದ.

ಕಾಕಾ ಚೋಖಾಮೇಳನ ಬಾಗಿಲ ಬಗ್ಗೆ ಬರದಾರಲ್ಲ, ಅವನ ಹೆಸರನ್ನ ಅವನ ಹಾಡಿನಾಗೇ ಬಿಡದವರು ಯಾರಂತ ಕೇಳ್ರಿ ಅವರನ್ನ. ಆ ನುಡಿ ಸೇರಿಸಿ ಹೊಸದಾಗಿ ರೆಕಾರ್ಡ್ ಮಾಡ್ಲಿ, ಬೇಕಾದ್ರ ಏಳು ನಿಮಿಷ ಆಗ್ಲಿ, ಗಿಟಾರೂ ಇರ್ಲಿ. ಅಲ್ಲಿತನಕ ನಂದು ವಿರೋಧ ಅಂತ ಬರಕೋರಿ.