ಡಯಾಗ್ರಾಮ್ ಆರಿಸುವ ಮೊದಲು ವಾಕ್ಯ ಬರೆಯಿರಿ

ಪ್ರಾಜೆಕ್ಟ್ ರಿವ್ಯೂಗೆ ಪಿಪಿಟಿ ಮಾಡುತ್ತಿರುವ ಎಲ್ಲ ಎಂಜಿನಿಯರಿಂಗ್ ಮಕ್ಕಳಿಗೂ, ಅವರಿಗೆ ಗೈಡ್ ಆಗಿರುವ ನನ್ನಂಥ ಮೇಷ್ಟ್ರುಗಳಿಗೂ ಒಂದು ಮಾತು. ಸ್ಲೈಡಿಗೆ ಯಾವ ಡಯಾಗ್ರಾಮ್ ಚೆನ್ನಾಗಿ ಕಾಣುತ್ತೆ ಅಂತ ಹುಡುಕುತ್ತಾ ಕೂರಬೇಡಿ. ಆ ಸ್ಲೈಡು ಏನು ಹೇಳಬೇಕು ಅನ್ನೋದನ್ನ ಮೊದಲು ಒಂದು ಪೂರ್ತಿ ವಾಕ್ಯವಾಗಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ಚಿತ್ರ ಬೇಕು ಅನ್ನೋದು ಆ ವಾಕ್ಯ ಓದಿದರೆ ಗೊತ್ತಾಗುತ್ತೆ.

ಪವರ್‌ಪಾಯಿಂಟ್ 2007ರಲ್ಲಿ ಸ್ಮಾರ್ಟ್‌ಆರ್ಟ್ ಬಂತು. ನಾಲ್ಕು ಸಾಲು ಟೈಪ್ ಮಾಡಿದರೆ ಸಾಕು, ಚಕ್ರ ಬೇಕಾ, ಪಿರಮಿಡ್ ಬೇಕಾ, ಬಾಣಗಳ ಸಾಲು ಬೇಕಾ, ಎಲ್ಲ ರೆಡಿ. ಕೆಲಸ ಹಗುರಾಯಿತು, ನಿಜ. ಆದರೆ ಆಕಾರವೇ ಒಂದು ಮಾತು ಹೇಳುತ್ತೆ ಅನ್ನೋದನ್ನ ಮರೆತುಬಿಟ್ಟೆವು. ಚಕ್ರ ಹಾಕಿದರೆ ಕೊನೇ ಹಂತ ಮುಗಿದ ಮೇಲೆ ಮೊದಲನೇದು ಮತ್ತೆ ಶುರುವಾಗುತ್ತೆ ಅಂತ ಅರ್ಥ. ಪಿರಮಿಡ್ ಹಾಕಿದರೆ ಕೆಳಗಿನದು ಇಲ್ಲದೆ ಮೇಲಿನದು ನಿಲ್ಲೋದಿಲ್ಲ ಅಂತ ಅರ್ಥ. ಸರ್ವೆ, ಡಿಸೈನ್, ಟೆಸ್ಟಿಂಗ್, ರಿಪೋರ್ಟ್ ನಾಲ್ಕನ್ನೂ ಚಕ್ರದಲ್ಲಿ ಕೂರಿಸಿದ ಮೇಲೆ ಎಕ್ಸಾಮಿನರ್ "ರಿಪೋರ್ಟ್ ಕೊಟ್ಟು ಮತ್ತೆ ಸರ್ವೆಗೆ ಹೋಗ್ತೀರೇನಪ್ಪಾ?" ಅಂತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಬೆಂಗಳೂರಿಗೆ ಬರುವ ಕಾವೇರಿ ನೀರಿನ ಮೇಲೆ ನಮ್ಮಲ್ಲಿ ಒಂದು ತಂಡ ಪ್ರಾಜೆಕ್ಟ್ ಮಾಡಿತ್ತು. ಒಂದು ಸ್ಲೈಡಿನಲ್ಲಿ ಮೂರು ನೀಲಿ ಬಾಕ್ಸು, ದಾರಿಯಲ್ಲಿ ನೀರನ್ನ ಪಂಪ್ ಮಾಡುವ ಮೂರು ಸ್ಟೇಷನ್‌ಗಳು: ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ. ಮೂರೂ ಒಂದೇ ಅಳತೆ, ಒಂದೇ ಸಾಲು, ನಡುವೆ ಬಾಣ.

"ಇದರಲ್ಲಿ ಏನು ಹೇಳಬೇಕು ಅಂತಿದ್ದೀಯಮ್ಮಾ?" ಅಂದೆ.

"ನೀರನ್ನ ಅಷ್ಟು ಮೇಲೆ ಹತ್ತಿಸೋಕೆ ಕರೆಂಟು ತುಂಬಾ ಬೇಕಾಗುತ್ತೆ ಸರ್, ಅದನ್ನ."

ವಾಕ್ಯ ಎಷ್ಟು ಚೆನ್ನಾಗಿದೆ ನೋಡಿ. ಆದರೆ ಸ್ಲೈಡಿನಲ್ಲಿ ನೀರು ಎಲ್ಲೂ ಹತ್ತುತ್ತಲೇ ಇರಲಿಲ್ಲ! ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪ್ ಮಾಡಿ ತರುವ ನೀರು ಅದು. ಆ ಎತ್ತರವೇ ಕಥೆ. ಗ್ರಾಫ್ ಶೀಟ್ ಕೊಟ್ಟು, ಅಡ್ಡಕ್ಕೆ ದೂರ, ಮೇಲಕ್ಕೆ ಎತ್ತರ ಹಾಕಿ ಪೈಪ್‌ಲೈನ್ ಬರೆಯಲು ಹೇಳಿದೆ. ಒಂದೇ ಸ್ಕೇಲಿನಲ್ಲಿ ಬರೆದರೆ 100 ಕಿ.ಮೀ.ಗೆ ಅರ್ಧ ಕಿ.ಮೀ. ಏರು ಕಣ್ಣಿಗೆ ಬೀಳೋದೇ ಇಲ್ಲ. ಅದಕ್ಕೇ ಸಿವಿಲ್‌ನವರು ರಸ್ತೆ, ಕಾಲುವೆಗಳ ಉದ್ದಕ್ಕೂ ಏರಿಳಿತ ತೋರಿಸುವ ಚಿತ್ರ (ಉದ್ದ ಸೆಕ್ಷನ್) ಬರೆಯುವಾಗ ಎತ್ತರದ ಸ್ಕೇಲನ್ನು ಹಿಗ್ಗಿಸುತ್ತಾರೆ, ಹಿಗ್ಗಿಸಿದ್ದೇವೆ ಅಂತ ಪಕ್ಕದಲ್ಲೇ ಬರೆಯುತ್ತಾರೆ. ಹಾಗೇ ಮಾಡಿದರು. ಒಂದೊಂದು ಸ್ಟೇಷನ್ ಬಂದ ಹಾಗೂ ಗೆರೆ ಮೇಲೆ ಮೇಲೆ ಹತ್ತಿತು. ಕರೆಂಟ್ ಯಾಕೆ ಅಷ್ಟು ಬೇಕು ಅಂತ ಆಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ.

ವಿಷಯ ಅದೇ ಇದ್ದರೂ ವಾಕ್ಯ ಬದಲಾದರೆ ಚಿತ್ರವೂ ಬದಲಾಗಬೇಕು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ನೀರಿನ ಯೋಜನೆಯ 5ನೇ ಹಂತ ಎಷ್ಟು ನೀರು ಸೇರಿಸಿತು ಅಂತ ಹೇಳಬೇಕಾ? ಹಿಂದಿನ ಹಂತಗಳದ್ದೆಲ್ಲ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್, ಇದರ ಸಾಮರ್ಥ್ಯ 77.5 ಕೋಟಿ. ಎರಡು ಬಾರ್ ಸಾಕು. ಆ ನೀರು ಯಾವ 110 ಹಳ್ಳಿಗಳಿಗೆ ಅಂತಾದರೆ ಮ್ಯಾಪೇ ಬೇಕು, ಬೇರೆ ದಾರಿ ಇಲ್ಲ.

ಪೈ ಚಾರ್ಟ್ ವಿಚಾರ ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಜಗಳ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲಿ ಅಚ್ಚು ಹಾಕಿಸಿದ ಚಿತ್ರ ಅದು. ಅವನೇ 1786ರಲ್ಲಿ ಬಾರ್ ಚಾರ್ಟನ್ನೂ ಕೊಟ್ಟಿದ್ದ. 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಜನರ ಕಣ್ಣನ್ನೇ ಪರೀಕ್ಷೆಗೆ ಹಚ್ಚಿ ನೋಡಿದರು. ಒಂದೇ ಗೆರೆಯ ಮೇಲೆ ನಿಂತ ಬಾರ್‌ಗಳಲ್ಲಿ ಹೆಚ್ಚು ಕಡಿಮೆ ಅಳೆಯೋದು ಸುಲಭ, ಪೈ ತುಂಡುಗಳ ಥರದ ಕೋನಗಳಲ್ಲಿ ಕಷ್ಟ ಅಂತ ಗೊತ್ತಾಯಿತು. ಹಾಗಾಗಿ ನನ್ನ ಲೆಕ್ಕ ಇಷ್ಟೇ: "ಅರ್ಧಕ್ಕಿಂತ ಹೆಚ್ಚು ಪಾಲು ಇವರದೇ" ಅನ್ನಬೇಕಾದರೆ, ಎರಡು ಮೂರು ಭಾಗ ಇದ್ದರೆ, ಪೈ ಧಾರಾಳವಾಗಿ ಹಾಕಿ. ಏಳೆಂಟು ಭಾಗ ಇದ್ದರೆ ಬೇಡ. ತ್ರೀಡಿ ಪೈ ಅಂತೂ ಬೇಡವೇ ಬೇಡ. ವಾಲಿಸಿದಾಗ ಮುಂದಿರುವ ತುಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೆ, ಅದು ನೋಡುವವರಿಗೆ ಸುಳ್ಳು ಹೇಳಿದಂತೆ.

ಬಣ್ಣದ ಬಗ್ಗೆ ಒಂದೇ ಮಾತು. ಲ್ಯಾಪ್‌ಟಾಪಿನಲ್ಲಿ ಎದ್ದು ಕಾಣುವ ಹಳದಿ, ಸೆಮಿನಾರ್ ಹಾಲಿನ ಹಳೇ ಪ್ರೊಜೆಕ್ಟರಿನಲ್ಲಿ ಬಿಳಿ ಪರದೆಗೆ ಬೆರೆತುಹೋಗುತ್ತೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಒಬ್ಬಿಬ್ಬರಾದರೂ ಹಾಲಿನಲ್ಲಿ ಇರಬಹುದು. ಮೂಲೆಯಲ್ಲಿ ಬಣ್ಣದ ಪಟ್ಟಿ ಕೊಡುವ ಬದಲು ಬಾರ್ ಪಕ್ಕದಲ್ಲೇ, ಗೆರೆಯ ತುದಿಯಲ್ಲೇ ಹೆಸರು ಬರೆದುಬಿಡಿ.

ಸಾಫ್ಟ್‌ವೇರಿನಲ್ಲಿ ನಿಮಗೆ ಬೇಕಾದ ಆಕಾರ ಸಿಗದೇ ಹೋದರೆ ಪೆನ್ಸಿಲಿನಲ್ಲಿ ಬರೆದು, ಫೋಟೋ ತೆಗೆದು ಸ್ಲೈಡಿಗೆ ಹಾಕಿ. ನನ್ನ ರಿವ್ಯೂನಲ್ಲಿ ಅದಕ್ಕೆ ಅಂಕ ಕಡಿಮೆ ಆಗೋದಿಲ್ಲ.