ಮಳೆಯ ಗ್ರಾಫಿನಲ್ಲಿ ಗೊದಮೊಟ್ಟೆಗಳು

ನಿನ್ನೆ ಸಂಜೆ ಅಕ್ಕನ ಮಗಳು ತೊಯ್ದ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಪ್ಲಾಸ್ಟಿಕ್ ಕವರಿನೊಳಗಿಂದ ಒಂದು ಹಾಳೆ ತೆಗೆದು, ಏನನ್ನೂ ಹೇಳದೆ ನನ್ನ ಮುಂದೆ ಹಿಡಿದಳು. ಎಂ.ಎಸ್‌ಸಿ. ಪ್ರಾಜೆಕ್ಟಿಗಾಗಿ ಅವಳು ಎರಡು ಮಳೆಗಾಲ ಹೊಸನಗರದ ಕಡೆಯ ಅಡಿಕೆ ತೋಟಗಳಲ್ಲಿ ಉಂಬಳ ಕಚ್ಚಿಸಿಕೊಂಡು ಅಲೆದಿದ್ದಾಳೆ. ಹದಿನೈದು ದಿನಗಳಲ್ಲಿ ಸುರಿದ ಒಟ್ಟು ಮಳೆ ಎಷ್ಟು, ಅದೇ ಅವಧಿಯಲ್ಲಿ ಕೊಳೆರೋಗಕ್ಕೆ ಮರದ ಬುಡದಲ್ಲಿ ಉದುರಿದ ಕಾಯಿ ಎಷ್ಟು ಎಂದು ತೋಟ ತೋಟದಲ್ಲಿ ಎಣಿಸಿ ಬರೆದಿದ್ದಾಳೆ. ಆ ಇಡೀ ಶ್ರಮವನ್ನು ಒಂದೇ ಗ್ರಾಫಿಗೆ ಇಳಿಸಿದ್ದಳು. ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣ ಹೊಡೆದ ತೋಟಕ್ಕೆ ತುಂಬಿದ ವೃತ್ತ, ಹೊಡೆಯದ ತೋಟಕ್ಕೆ ಖಾಲಿ ವೃತ್ತ ಎಂಬುದು ಅವಳ ಲೆಕ್ಕ. ಆದರೆ ಹಾಳೆಯ ಮೇಲೆ ವೃತ್ತಗಳೇ ಇರಲಿಲ್ಲ. ಒಂದೊಂದು ವೃತ್ತದ ಜಾಗದಲ್ಲೂ ಇಂಗ್ಲಿಷಿನ ಚಿಕ್ಕ ‘ಕ್ಯೂ’ ಅಕ್ಷರ, ಬಾಲ ಇಳಿಬಿಟ್ಟುಕೊಂಡು, ಮಳೆನೀರಿನ ಹೊಂಡದಲ್ಲಿ ಗೊದಮೊಟ್ಟೆಗಳು ಮುತ್ತಿದ ಹಾಗೆ ಕೂತಿತ್ತು.

‘ಮಾವ, ಇದು ನೀನು ಹಾಕಿಕೊಟ್ಟ ಲಿನಕ್ಸಿನ ದೋಷವಂತೆ. ವಿಂಡೋಸಿನಲ್ಲಿ ಮಾಡಿಕೊಂಡು ಬಾ ಅಂತ ಗೈಡ್ ಹೇಳಿ ಕಳಿಸಿದ್ದಾರೆ’ ಎಂದಳು.

ವಿಂಡೋಸಿನ ಬದಲಿಗೆ ಗಣಕ ನಡೆಸುವ ಮುಕ್ತ ತಂತ್ರಾಂಶವಾದ ಲಿನಕ್ಸಿನ ಮೇಲೆ ನನಗಿರುವ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೂ ಡೆಬಿಯನ್ ಎಂಬ ಲಿನಕ್ಸಿನ ಬಗ್ಗೆ ಹೇಳಿ ಬೈಸಿಕೊಂಡವನು ನಾನು. ಆದ್ದರಿಂದ ಈ ಮಾತು ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತು. ಆದರೂ ಈ ಬರಹ ಲಿನಕ್ಸಿನ ವಕಾಲತ್ತಲ್ಲ. ಲಿನಕ್ಸಿನ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂಬುದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ. ನನ್ನ ತಕರಾರು ಒಂದೇ: ಪಿಡಿಎಫ್ ಮಾಡುವವರು ಫಾಂಟನ್ನು ಕಡತದೊಳಗೆ ಹಾಕದೆ ಕಳಿಸುತ್ತಾರೆ, ಬೈಗುಳವನ್ನು ಮಾತ್ರ ಅದನ್ನು ತೆರೆದು ನೋಡಿದವನ ಗಣಕ ತಿನ್ನುತ್ತದೆ.

ತಮಾಷೆ ಏನೆಂದರೆ, ಹುಡುಗಿ ಗೈಡ್ ಮಾತಿನಂತೆ ಗೆಳತಿಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಗ್ರಾಫನ್ನು ಮತ್ತೊಮ್ಮೆ ಮಾಡಿಯೂ ನೋಡಿದ್ದಳು. ಅಲ್ಲಿನ ಅಡೋಬಿ ರೀಡರಿನಲ್ಲಿ ವೃತ್ತಗಳು ದುಂಡಗೆ, ಲಕ್ಷಣವಾಗಿ ಕಂಡವು. ಸಂಭ್ರಮದಿಂದ ಪೆನ್‌ಡ್ರೈವಿಗೆ ಹಾಕಿಕೊಂಡು ವಿಭಾಗದ ಪ್ರಯೋಗಾಲಯಕ್ಕೆ ಹೋಗಿ ತೆರೆದರೆ ಮತ್ತೆ ಅದೇ ಗೊದಮೊಟ್ಟೆ. ಆ ಪ್ರಯೋಗಾಲಯದ ಗಣಕಗಳೂ ಲಿನಕ್ಸಿನವೇ. ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಒಂದೇ ಆದೇಶ ಕೊಟ್ಟರೆ ಅದು ವಿಂಡೋಸಿನಲ್ಲಿ ಕೂತಿರಲಿ, ಲಿನಕ್ಸಿನಲ್ಲಿ ಕೂತಿರಲಿ, ಹೊರಬರುವುದು ಫಾಂಟಿಲ್ಲದ ಅದೇ ಕಡತ. ವಿಂಡೋಸಿನಲ್ಲಿ ಸರಿಯಾಗಿ ಕಂಡದ್ದಕ್ಕೆ ಕಾರಣ ವಿಂಡೋಸ್ ಅಲ್ಲ. ಆ ರೀಡರ್ ತನ್ನ ಹೊಟ್ಟೆಯಲ್ಲಿ ಆ ಫಾಂಟನ್ನು ಇಟ್ಟುಕೊಂಡಿರುವುದು. ಹುಡುಗಿಯ ಸ್ವಂತ ಲ್ಯಾಪ್‌ಟಾಪಿನ ಫೈರ್‌ಫಾಕ್ಸಿನಲ್ಲಿಯೂ ವೃತ್ತಗಳು ಸರಿಯಾಗಿಯೇ ಕಂಡಿದ್ದವು, ಏಕೆಂದರೆ ಆ ಬ್ರೌಸರ್ ಕೂಡ ಬದಲಿ ಫಾಂಟುಗಳನ್ನು ಬುತ್ತಿ ಕಟ್ಟಿಕೊಂಡೇ ತಿರುಗುತ್ತದೆ. ಬುತ್ತಿ ಇಲ್ಲದೆ, ಇರುವ ಮನೆಯಲ್ಲಿಯೇ ಕೇಳಿ ಉಣ್ಣುವ ಎವಿನ್ಸ್‌ನಂಥ ಪಿಡಿಎಫ್ ವೀಕ್ಷಕಗಳು ಮಾತ್ರ ಸಿಕ್ಕಿಬೀಳುತ್ತವೆ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು. ಅಡೋಬಿ ಸಂಸ್ಥೆ 1993ರಲ್ಲಿ ಪಿಡಿಎಫ್ ತಂದಾಗ, 14 ಫಾಂಟುಗಳು ಎಲ್ಲ ವೀಕ್ಷಕಗಳಲ್ಲೂ ಇದ್ದೇ ಇರುತ್ತವೆ ಎಂದು ಇಟ್ಟುಕೊಳ್ಳಲಾಯಿತು. ಹೆಲ್ವೆಟಿಕಾದ ನಾಲ್ಕು, ಟೈಮ್ಸ್‌ನ ನಾಲ್ಕು, ಕೊರಿಯರ್‌ನ ನಾಲ್ಕು, ಇವುಗಳ ಜೊತೆಗೆ ಗ್ರೀಕ್ ಅಕ್ಷರ ಮತ್ತು ಗಣಿತದ ಚಿಹ್ನೆಗಳ ‘ಸಿಂಬಲ್’, ಕೊನೆಯದಾಗಿ ಹರ್ಮಾನ್ ಝಾಪ್ಫ್ ಎಂಬ ಜರ್ಮನ್ ಅಕ್ಷರ ವಿನ್ಯಾಸಕಾರ 1978ರಲ್ಲಿ ಕೊಟ್ಟ ‘ಝಾಪ್ಫ್ ಡಿಂಗ್‌ಬ್ಯಾಟ್ಸ್’. ಈ 14ರಲ್ಲಿ ಯಾವುದನ್ನಾದರೂ ಬಳಸಿದರೆ ಅಕ್ಷರದ ಆಕಾರವನ್ನು ಕಡತಕ್ಕೆ ಹಾಕುವುದು ಬೇಡ, ಹೆಸರೊಂದನ್ನು ಬರೆದರೆ ಸಾಕು ಎಂಬ ಒಪ್ಪಂದವದು. ಮದುವೆ ಕರೆಯೋಲೆಯಲ್ಲಿ ವಿಳಾಸ ಬರೆಯದೆ ‘ದೊಡ್ಡಮನೆ’ ಎಂದಷ್ಟೇ ಬರೆದಂತೆ. ಊರಿನವರಿಗೆ ಸಾಕು, ಪರಊರಿನವನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು.

ಆರ್ ತಂತ್ರಾಂಶದ ಪಿಡಿಎಫ್ ವಿಭಾಗ ಬಹುಕಾಲ ಚಿಕ್ಕ ವೃತ್ತಗಳನ್ನು ಗೆರೆ ಎಳೆದು ಬರೆಯುತ್ತಿರಲಿಲ್ಲ. ಡಿಂಗ್‌ಬ್ಯಾಟ್ಸ್ ಫಾಂಟಿನ ವೃತ್ತವನ್ನು ಒಂದು ಅಕ್ಷರದಂತೆ ಎತ್ತಿ ಅಲ್ಲಿ ಅಚ್ಚೊತ್ತುತ್ತಿತ್ತು. ಆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳು ಕೂರಬೇಕಾದ ಮಣೆಗಳ ಮೇಲೆ ಕತ್ತರಿ, ನಕ್ಷತ್ರ, ಹೂವು, ವೃತ್ತಗಳು ಕೂತಿರುತ್ತವೆ. ಫಾಂಟ್ ಸಿಗದೆ ಬೇರೆಯದು ಬಂದು ಕೂತಿತೆಂದರೆ ವೃತ್ತ ಹೋಗಿ ಅಕ್ಷರ ಮೇಲೇಳುತ್ತದೆ. ಇದೇನೂ ನಾನು ಕಂಡುಹಿಡಿದ ಸತ್ಯವಲ್ಲ. ಕೆಲವು ವೀಕ್ಷಕಗಳಲ್ಲಿ ವೃತ್ತ ‘ಕ್ಯೂ’ ಆಗಿ ಕಾಣುತ್ತದೆಂದು ಆರ್‌ನ ಸಹಾಯಪುಟದಲ್ಲಿಯೇ ಅಚ್ಚುಕಟ್ಟಾಗಿ ಬರೆದಿದ್ದಾರೆ. ಸಹಾಯಪುಟವನ್ನು ಓದುವವರು ಯಾರು ಎಂಬುದು ಬೇರೆ ಪ್ರಶ್ನೆ. ಇತ್ತೀಚಿನ ಆವೃತ್ತಿಗಳಲ್ಲಿ ಈ ಅಭ್ಯಾಸವನ್ನು ಬಿಡಿಸಿದ್ದಾರೆ. ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎರಡೂ ಹಳೆಯವು.

ಇದನ್ನು ಹುಡುಗಿಗೆ ವಿವರಿಸುವಾಗ ನನಗೆ ನಮ್ಮದೇ ಹಳೆಯ ಗೋಳು ನೆನಪಾಯಿತು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಹೇಗೆ ಕಾಣುತ್ತದೆಂದು ಡಿ.ಟಿ.ಪಿ. ಅಂಗಡಿಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು: ಮೊದಲಿಗೆ ಇಂಗ್ಲಿಷಿನ ದೊಡ್ಡ ‘ಪಿ’, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ, ಕೊನೆಗೆ ನಮ್ಮ ‘ಡ’ ಇರಬೇಕಾದಲ್ಲಿ ಚಿಕ್ಕ ‘ಕ್ಯೂ’, ಅಲ್ಲಲ್ಲಿ ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳು. ಹೇಳಿ ಮುಗಿಸುವ ಮೊದಲೇ ಅವಳು ನಕ್ಕಳು. ‘ಹಂಗಾದ್ರೆ ಮಾವ, ನನ್ನ ಗ್ರಾಫಿನ ತುಂಬ ಬರೀ ಡ ಡ ಡ!’ ಎರಡು ದಿನಗಳಿಂದ ಅಳುಮೋರೆ ಹಾಕಿಕೊಂಡಿದ್ದವಳು ಇಷ್ಟು ಬೇಗ ಅರ್ಥ ಮಾಡಿಕೊಂಡದ್ದು ನನಗೆ ಪರಮ ಸಂತೋಷ ಕೊಟ್ಟಿತು. ವೇಷ ಬೇರೆ, ರೋಗ ಅದೇ. ಆಕಾರ ಎಲ್ಲೋ ಉಳಿದು, ಸಂಖ್ಯೆ ಮಾತ್ರ ಪ್ರಯಾಣ ಮಾಡುವ ವ್ಯವಸ್ಥೆ.

ಸರಿ, ಪತ್ತೆ ಹಚ್ಚಿದ್ದು ಹೇಗೆಂದು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು. ‘ಪಿಡಿಎಫ್‌ಫಾಂಟ್ಸ್’ ಎಂಬ ಪುಟ್ಟ ಆದೇಶವಿದೆ. ಪಾಪ್ಲರ್ ಎಂಬ ಪಿಡಿಎಫ್ ಉಪಕರಣಗಳ ಜೊತೆ ಬರುತ್ತದೆ. ಕಡತದ ಹೆಸರು ಕೊಟ್ಟರೆ ಅದರಲ್ಲಿ ಬಳಕೆಯಾದ ಫಾಂಟುಗಳ ಪಟ್ಟಿಯನ್ನು ಮುಂದಿಡುತ್ತದೆ. ಅದರಲ್ಲಿ ‘ಎಂಬ್’ ಎಂಬ ಕಾಲಂ ಒಂದನ್ನು ನೋಡಿದರೆ ಸಾಕು. ನಮ್ಮ ಕಡತದಲ್ಲಿ ಹೆಲ್ವೆಟಿಕಾದ ಎದುರಿಗೂ ‘ನೋ’, ಡಿಂಗ್‌ಬ್ಯಾಟ್ಸ್‌ನ ಎದುರಿಗೂ ‘ನೋ’ ಎಂದಿತ್ತು, ಎರಡೂ ಕಡತದೊಳಗಿಲ್ಲ. ಹೆಲ್ವೆಟಿಕಾ ಇಲ್ಲದಿದ್ದರೂ ಅಕ್ಷಗಳ ಮೇಲಿನ ಅಂಕಿ ಅಕ್ಷರಗಳೆಲ್ಲ ನೆಟ್ಟಗೆ ಕಂಡವಲ್ಲ ಎಂದು ಅವಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ‘ಎ’ ಎಂಬ ಅಕ್ಷರ ಯಾವ ಫಾಂಟಿನಲ್ಲಿ ಬಂದರೂ ‘ಎ’ ಎಂದೇ ಓದಿಸಿಕೊಳ್ಳುತ್ತದೆ, ಬದಲಿ ಆಳು ಬಂದದ್ದು ಗೊತ್ತೇ ಆಗುವುದಿಲ್ಲ. ಚಿಹ್ನೆಗಳ ಫಾಂಟಿಗೆ ಬದಲಿ ಆಳು ಬಂದರೆ ಮಾತ್ರ ಗುಟ್ಟು ರಟ್ಟಾಗುತ್ತದೆ. ಆಮೇಲೆ ‘ಎಫ್‌ಸಿ-ಮ್ಯಾಚ್’ ಆದೇಶಕ್ಕೆ ಝಾಪ್ಫ್ ಡಿಂಗ್‌ಬ್ಯಾಟ್ಸ್‌ನ ಹೆಸರು ಕೊಟ್ಟು, ‘ಈ ಹೆಸರಿನವರು ಬಂದರೆ ಯಾರನ್ನು ಕಳಿಸುತ್ತೀಯಪ್ಪಾ’ ಎಂದು ಕೇಳಿದೆ. ‘ಡೆಜಾವು ಸ್ಯಾನ್ಸ್’ ಎಂಬ ಉತ್ತರ ಬಂತು. ಡೆಜಾವು ಒಳ್ಳೆಯ ಫಾಂಟೇ, ಆದರೆ ಭಾಗವತರು ಬರಲಿಲ್ಲವೆಂದು ಚಂಡೆಯವನನ್ನು ಹಾಡಲು ಕೂರಿಸಿದರೆ ಪ್ರಸಂಗ ಏನಾದೀತು?

ಇಲ್ಲಿ ನನ್ನ ತಪ್ಪೊಪ್ಪಿಗೆ. ಲಿನಕ್ಸಿನಲ್ಲಿ ಈ 14ಕ್ಕೂ ಬದಲಿ ಸಿಗುತ್ತದೆ. ಯು.ಆರ್.ಡಬ್ಲ್ಯೂ. ಎಂಬ ಜರ್ಮನ್ ಸಂಸ್ಥೆ ಮುಕ್ತವಾಗಿ ಬಿಟ್ಟುಕೊಟ್ಟ 35 ಫಾಂಟುಗಳ ಕಟ್ಟು ಡೆಬಿಯನ್ನಿನಲ್ಲಿ ಒಂದೇ ಸಾಲಿನ ಆದೇಶಕ್ಕೆ ಸಿಗುತ್ತದೆ, ಡಿಂಗ್‌ಬ್ಯಾಟ್ಸ್‌ನ ಬದಲಿಯೂ ಅದರಲ್ಲಿದೆ. ಹುಡುಗಿಯ ಹಳೆಯ ಲ್ಯಾಪ್‌ಟಾಪ್ ಹಗುರಾಗಿರಲಿ ಎಂಬ ಜಾಣತನದಲ್ಲಿ, ‘ಶಿಫಾರಸು’ ಎಂದು ಬಂದ ಪ್ಯಾಕೇಜುಗಳನ್ನೆಲ್ಲ ಬೇಡವೆಂದು ಕತ್ತರಿಸಿ ಹಾಕಿದವನು ನಾನೇ. ಅವಳೇ ಎವಿನ್ಸ್‌ನಲ್ಲಿ ತೆರೆದಿದ್ದರೆ ಅವಳಿಗೂ ಗೊದಮೊಟ್ಟೆಯೇ ಕಾಣುತ್ತಿತ್ತು. ಕಟ್ಟನ್ನು ಹಾಕಿದೆ, ‘ಎಫ್‌ಸಿ-ಕ್ಯಾಷ್’ ಓಡಿಸಿ ಗಣಕದ ಫಾಂಟುಗಳ ಪಟ್ಟಿಯನ್ನು ಹೊಸದು ಮಾಡಿದೆ, ಹಳೆಯ ಪಿಡಿಎಫನ್ನೇ ಮತ್ತೆ ತೆರೆದೆ. ವೃತ್ತಗಳು ಬಂದು ಕೂತವು.

ಹೆಚ್ಚಿನವರು ಇಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ನನ್ನ ಸಿಟ್ಟು ಶುರುವಾಗುವುದೇ ಇಲ್ಲಿಂದ. ನಮ್ಮ ಮನೆಯ ಗಣಕ ಸರಿಹೋದರೆ ಗೈಡ್‌ನ ಗಣಕ ಸರಿಹೋಯಿತೇ? ನಾಳೆ ಪರೀಕ್ಷಕರು ಯಾವ ಊರಿನಲ್ಲಿ, ಯಾವ ಯಂತ್ರದಲ್ಲಿ ತೆರೆಯುತ್ತಾರೋ ಯಾರು ಬಲ್ಲರು? ಓದುವವನ ಮನೆಮನೆಗೆ ಹೋಗಿ ಫಾಂಟ್ ಹಾಕಿ ಬರಲಾಗುವುದಿಲ್ಲ. ಹಾಕಬೇಕಾದದ್ದು ಕಡತದೊಳಗೆ, ಅದೂ ಮಾಡುವಾಗಲೇ. ಆರ್‌ನಲ್ಲಿ ಡಿಂಗ್‌ಬ್ಯಾಟ್ಸ್ ಬಳಸಬೇಡವೆಂದು ಒಂದು ಮಾತು ಹೇಳಿದರೆ ವೃತ್ತವನ್ನು ಅದು ಗೆರೆಯಿಂದಲೇ ಬರೆಯುತ್ತದೆ. ಇಲ್ಲವೇ ಆರ್‌ನಲ್ಲಿಯೇ ಇರುವ ‘ಕೈರೋ ಪಿಡಿಎಫ್’ ಎಂಬ ಇನ್ನೊಂದು ವಿಧಾನ ಬಳಸಿದರೆ ಬೇಕಾದ ಅಕ್ಷರಗಳನ್ನಷ್ಟೇ ಆರಿಸಿ ಒಳಗೆ ತುಂಬಿಕೊಡುತ್ತದೆ. ನಾವು ಎರಡನೆಯದನ್ನು ಮಾಡಿದೆವು. ಮತ್ತೆ ಪಿಡಿಎಫ್‌ಫಾಂಟ್ಸ್ ಓಡಿಸಿದಾಗ ‘ಎಂಬ್’ ಕಾಲಮಿನಲ್ಲಿ ‘ಯೆಸ್’ ಕಂಡಿತು.

ಫಾಂಟ್ ತುಂಬಿದರೆ ಕಡತ ದಪ್ಪವಾಗುತ್ತದೆ ಎಂದು ಯಾರೋ ಕಮೆಂಟ್ ಹಾಕುತ್ತೀರೆಂದು ಗೊತ್ತು. 1993ರಲ್ಲಿ, 1.44 ಎಂಬಿ ಫ್ಲಾಪಿಯ ಕಾಲದಲ್ಲಿ, ಅದು ನ್ಯಾಯವಾದ ಮಾತೇ ಆಗಿತ್ತು. ಆ ಒಪ್ಪಂದ ಮಾಡಿದವರನ್ನು ನಾನು ಬೈಯುವುದಿಲ್ಲ. ಆದರೆ ಬೆಳಗಾದರೆ ಹೂವಿನ ಮೇಲೆ ಇಬ್ಬನಿ ಕೂರಿಸಿದ ಶುಭೋದಯದ ಚಿತ್ರವನ್ನು ಮೂರು ಗುಂಪುಗಳಿಗೆ ಕಳಿಸುವ ನಾವು, ಬಳಸಿದ ಅಕ್ಷರಗಳನ್ನಷ್ಟೇ ತುಂಬಿದಾಗ ಸೇರುವ ಕೆಲವು ಕೆಬಿಗಳ ಬಗ್ಗೆ ಕಂಜೂಸಿ ಮಾಡುವುದು ಚೆಂದವಲ್ಲ. ದೀರ್ಘಕಾಲ ಉಳಿಯಬೇಕಾದ ದಾಖಲೆಗಳಿಗೆಂದು 2005ರಲ್ಲಿ ಬಂದ ಪಿಡಿಎಫ್/ಎ ಮಾನಕ ಫಾಂಟು ಒಳಗೇ ಇರಬೇಕೆಂದು ಕಡ್ಡಾಯ ಮಾಡಿಯೂ ಇದೆ. ಇನ್ನು ‘ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದರೆ ಆಯಿತಪ್ಪ’ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಅಂಥ ಥೀಸಿಸ್‌ಗಳ ಮಸುಕು ಗ್ರಾಫುಗಳನ್ನು ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದವನು ನಾನು.

ಈ ವೃತ್ತಗಳ ಗಲಾಟೆ ಬರೀ ಅಂದಚೆಂದದ್ದು ಎಂದುಕೊಳ್ಳಬೇಡಿ. ತುಂಬಿದ ವೃತ್ತ, ಖಾಲಿ ವೃತ್ತ ಎರಡೂ ಒಂದೇ ಗೊದಮೊಟ್ಟೆಯಾದ ಮೇಲೆ ಮದ್ದು ಹೊಡೆದ ತೋಟ ಯಾವುದು, ಹೊಡೆಯದ್ದು ಯಾವುದು? ಎರಡು ಮಳೆಗಾಲ ಅವಳು ಕೇಳಿದ್ದು ಅದೊಂದೇ ಪ್ರಶ್ನೆ, ಹಾಳೆಯ ಮೇಲೆ ಅಳಿಸಿಹೋದದ್ದೂ ಅದೊಂದೇ.

ಇನ್ನೊಂದು ಮಾತು ಹೇಳದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಬಹಳ ವರ್ಷಗಳ ಹಿಂದೆ ನನ್ನದೇ ಒಂದು ವರದಿ ಶಿವಮೊಗ್ಗದ ಮುದ್ರಣಾಲಯವೊಂದಕ್ಕೆ ಹೋಗಿತ್ತು. ಅಚ್ಚಾಗಿ ಬಂದಾಗ ಸಮೀಕರಣಗಳಲ್ಲಿದ್ದ ಗ್ರೀಕಿನ ಬೀಟಾ ‘ಬಿ’ ಆಗಿತ್ತು, ಮ್ಯೂ ‘ಎಂ’ ಆಗಿತ್ತು, ಸಿಗ್ಮಾ ‘ಎಸ್’ ಆಗಿತ್ತು. ಡಿ.ಟಿ.ಪಿ. ಮಾಡುತ್ತಿದ್ದ ಹುಡುಗ ‘ಸಾರ್, ನಾನು ಏನೂ ಮುಟ್ಟಿಲ್ಲ, ನೀವು ಕೊಟ್ಟ ಹಾಗೇ ಹಾಕಿದ್ದೀನಿ’ ಎಂದು ಎರಡು ಸಲ ಹೇಳಿದ. ನಾನು ಅಂಗಡಿಯಲ್ಲಿದ್ದ ನಾಲ್ಕಾರು ಜನರ ಎದುರಿಗೇ, ಗ್ರೀಕ್ ಅಕ್ಷರ ಗೊತ್ತಿಲ್ಲದವರು ಇಂಥ ಕೆಲಸಕ್ಕೆ ಕೈ ಹಾಕಬಾರದು ಎಂದು ಬೈದು ಬಂದೆ. ಸಿಂಬಲ್ ಫಾಂಟಿನಲ್ಲಿ ‘ಬಿ’ಯ ಮಣೆಯ ಮೇಲೆ ಬೀಟಾ ಕೂರುತ್ತದೆ, ‘ಎಂ’ನ ಮಣೆಯ ಮೇಲೆ ಮ್ಯೂ. ಫಾಂಟನ್ನು ಒಳಗೆ ಹಾಕದೆ ಕಡತ ಕೊಟ್ಟವನು ನಾನು. ಆ ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಇದು ನನಗೆ ತಿಳಿಯುವ ಹೊತ್ತಿಗೆ ಆ ಅಂಗಡಿ ಮುಚ್ಚಿ, ಅಲ್ಲಿ ಮೊಬೈಲ್ ರಿಪೇರಿಯವರು ಬಂದಿದ್ದರು. ಇಂದು ಗೈಡ್ ಮೇಲೆ ಇಷ್ಟು ಕೂಗಾಡುತ್ತಿರುವವನು ಅಂದು ಅವರಿಗಿಂತ ಕಡಿಮೆಯೇನೂ ಇರಲಿಲ್ಲ.

ಹುಡುಗಿಗೆ ಇನ್ನೊಂದು ಆಸೆಯಿತ್ತು. ಅಳತೆಗೆ ತೋಟ ಬಿಟ್ಟುಕೊಟ್ಟವರಿಗೆಲ್ಲ ಕನ್ನಡದಲ್ಲಿಯೇ ಒಂದು ಗ್ರಾಫ್ ಮಾಡಿ ಕೊಡಬೇಕೆಂದು. ಹಳೆಯ ವಿಧಾನದಲ್ಲಿ ಪ್ರಯತ್ನಿಸಿದಾಗ ‘ಮಳೆ’ ಎಂಬ ಪದದ ಜಾಗದಲ್ಲಿ ಒಂಬತ್ತು ಚುಕ್ಕಿಗಳು ಬಂದಿದ್ದವಂತೆ. ಮಳೆಹನಿಯೇ ಇರಬೇಕೆಂದು ಅವಳ ಅಮ್ಮ ಹೇಳಿದ್ದಳಂತೆ. ಮ, ಳ, ಎತ್ವದ ಚಿಹ್ನೆ, ಹೀಗೆ ಮೂರು ಸಂಕೇತ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ ಮೂರು ಬೈಟ್. ಹೆಲ್ವೆಟಿಕಾದಲ್ಲಿ ಕನ್ನಡವಿಲ್ಲದ್ದರಿಂದ ಬೈಟಿಗೊಂದರಂತೆ ಚುಕ್ಕಿ ಇಟ್ಟು ಆರ್ ಕೈ ತೊಳೆದುಕೊಂಡಿತ್ತು. ಕೈರೋ ದಾರಿ ಹಿಡಿದು, ನೋಟೋ ಸ್ಯಾನ್ಸ್ ಕನ್ನಡ ಫಾಂಟಿನ ಹೆಸರು ಕೊಟ್ಟ ಮೇಲೆ ‘ಉದುರಿದ ಕಾಯಿಗಳ ಸಂಖ್ಯೆ’ ಎಂಬುದು ‘ಖ್ಯೆ’ಯ ಒತ್ತಿನ ಸಮೇತ ಸರಿಯಾಗಿ ಬಂತು. ರಾತ್ರಿ ಹನ್ನೊಂದಾಗಿತ್ತು. ಅಕ್ಕ ಎರಡು ಸಲ ಫೋನ್ ಮಾಡಿ, ಹುಡುಗಿಗೆ ಊಟವಾದರೂ ಹಾಕಿದಿರಾ ಎಂದು ಕೇಳಿದ್ದಳು.

ಇಂದು ಬೆಳಿಗ್ಗೆ ಹೊಸ ಪಿಡಿಎಫ್ ಗೈಡ್‌ಗೆ ಹೋಯಿತು. ಮಧ್ಯಾಹ್ನ ಅವರಿಂದ ಬಂದ ಉತ್ತರವನ್ನು ಅವಳು ನನಗೆ ಹಾಗೆಯೇ ಕಳಿಸಿದ್ದಾಳೆ: ‘ಈಗ ಸರಿಯಾಗಿದೆ. ವಿಂಡೋಸಿನಲ್ಲಿ ಮಾಡು ಎಂದು ಮೊದಲೇ ಹೇಳಿರಲಿಲ್ಲವೇ?’