ಬೆಚ್ಚನೆಯ ಊರಿನಲ್ಲೊಂದು ನಡುಕ

ಚಳಿಗಾಲದಲ್ಲಿ ಬೆಚ್ಚಗಿರಬೇಕೆಂದು ಜನ ರೈಲು ಹತ್ತಿ ಹುಡುಕಿಕೊಂಡು ಹೋಗುತ್ತಿದ್ದ ಪೈನ್‌ಹರ್ಸ್ಟ್ ಎಂಬ ಊರೊಂದು ನೂರು ಕಿಲೋಮೀಟರಿನಷ್ಟು ದೂರದಲ್ಲೇ ಇದೆ ಎಂದು ಮಗ ಹೇಳಿದಾಗ, ನಾನು ಅವನ ಮನೆಯ ನೆಲದಲ್ಲಿ ಬಿಸಿಗಾಳಿ ಉಗುಳುವ ಜಾಲರಿಯ ಮುಂದೆ ಮಂಕಿ ಕ್ಯಾಪು ಹಾಕಿಕೊಂಡು, ಅದರ ಮೇಲೆ ಮಫ್ಲರು ಸುತ್ತಿಕೊಂಡು, ಹೋಮಕುಂಡದ ಮುಂದಿನ ಪುರೋಹಿತನಂತೆ ಕುಳಿತಿದ್ದೆ. ಅವನ ಮನೆಯಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ನಗರಕ್ಕೆ ಅಂಟಿಕೊಂಡ ಕ್ಯಾರಿಯಲ್ಲಿ. ಆಗ ಜನವರಿ ತಿಂಗಳು. ನಾನೋ, ಹದಿನೈದು ಡಿಗ್ರಿಗೇ ‘ಈ ಸಲ ಥಂಡಿ ಜಾಸ್ತಿ’ ಎಂದು ಬೆಳಗಿನ ವಾಕಿಂಗ್ ನಿಲ್ಲಿಸುವ ದಾವಣಗೆರೆಯವನು. ‘ಬೆಚ್ಚಗೆ’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಬೇರೇನನ್ನೂ ವಿಚಾರಿಸದೆ ಹೂಂ ಎಂದುಬಿಟ್ಟೆ. ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿದ್ದವನು ಅಳೆಯದೆ ಒಪ್ಪಿಕೊಂಡ ಮೊದಲ ಜಾಗ ಅದು.

ಪೈನ್‌ಹರ್ಸ್ಟ್ ತಲುಪಿದಾಗ ಕಾರಿನ ಫಲಕದಲ್ಲಿ 45 ಡಿಗ್ರಿ ಎಂದಿತ್ತು. ಆ ಅಂಕಿ ಕಂಡು ನನಗೆ ಮೇ ತಿಂಗಳ ಬಳ್ಳಾರಿ ನೆನಪಾಗಿ, ಮಫ್ಲರು ಬಿಚ್ಚಿ ಸೀಟಿನ ಮೇಲಿಟ್ಟು ಸಂತೋಷದಿಂದ ಬಾಗಿಲು ತೆಗೆದೆ. ಅದು ಫ್ಯಾರನ್‌ಹೀಟ್ ಲೆಕ್ಕವೆಂದೂ, ನಮ್ಮ ಲೆಕ್ಕಕ್ಕೆ ಏಳೇ ಡಿಗ್ರಿಯೆಂದೂ ಮಗ ಹೇಳಿ ಮುಗಿಸುವಷ್ಟರಲ್ಲಿ ಗಾಳಿ ನನ್ನ ಎರಡೂ ಕಿವಿಗಳನ್ನು ವಶಪಡಿಸಿಕೊಂಡಿತ್ತು. ‘ಇದೇನೋ ನಿನ್ನ ಬೆಚ್ಚನೆಯ ಊರು?’ ಎಂದು ಕೇಳಿದೆ. ‘ಬಾಸ್ಟನ್ನಿನವರಿಗೆ ಬೆಚ್ಚಗೆ ಅಪ್ಪಾ’ ಎಂದ.

ಮಾತು ನಿಜವೇ. ಈ ಊರನ್ನು ಕಟ್ಟಿದವನು, ಮೊದಮೊದಲು ಇಲ್ಲಿಗೆ ಬಂದವರು, ಎಲ್ಲರೂ ಉತ್ತರದ ಹಿಮದಲ್ಲಿ ನೆನೆದವರು. ಬಾಸ್ಟನ್ನಿನ ಜೇಮ್ಸ್ ವಾಕರ್ ಟಫ್ಟ್ಸ್ ಎಂಬ ವರ್ತಕ ಔಷಧದಂಗಡಿಗಳಲ್ಲಿ ಇಡುವ ಸೋಡಾ ಯಂತ್ರಗಳನ್ನು ತಯಾರಿಸಿ ಮಾರಿ ಸಿರಿವಂತನಾದವನು. ನಾನು ಬಲ್ಲ ಗೋಲಿ ಸೋಡಾದ ವ್ಯಾಪಾರಿಗಳಲ್ಲಿ ಅತ್ಯಂತ ಮುಂದೆ ಬಂದವನು ಒಂದು ಲೂನಾ ಕೊಂಡಿದ್ದ. ಈತ 1895ರಲ್ಲಿ ಐದು ಸಾವಿರ ಎಕರೆಗೂ ಮಿಕ್ಕಿದ ಜಮೀನು ಕೊಂಡ. ಎಕರೆಗೆ ಸುಮಾರು ಒಂದೂಕಾಲು ಡಾಲರು! ಅಗ್ಗಕ್ಕೆ ಕಾರಣವಿತ್ತು. ಅಲ್ಲಿದ್ದ ಪೈನ್ ಮರಗಳಿಂದ ಮೊದಲು ರಾಳ ಇಳಿಸಿ, ಆಮೇಲೆ ಮರಗಳನ್ನೇ ಕಡಿದು ಸಾಗಿಸಿ, ಉಳಿದದ್ದು ಬರೀ ಮರಳು ಮತ್ತು ಬೊಡ್ಡೆ. ನಮ್ಮ ಪಹಣಿಯಲ್ಲಾದರೆ ಇಡೀ ಜಮೀನನ್ನು ಒಂದೇ ಶಬ್ದದಲ್ಲಿ ‘ಖರಾಬು’ ಎಂದು ಬರೆದು ಮುಂದಿನ ಸರ್ವೆ ನಂಬರಿಗೆ ಹೋಗುತ್ತಿದ್ದೆವು.

ಟಫ್ಟ್ಸ್ ಹಾಗೆ ಬಿಡಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ನಕ್ಷೆ ಮಾಡಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಅವರ ಸಂಸ್ಥೆಗೆ ಹೇಳಿ ಊರಿನ ನಕ್ಷೆ ಬರೆಸಿದ. ಗಿಡಮರ ನೆಡಿಸುವ ಕೆಲಸವನ್ನು ವಾರೆನ್ ಮ್ಯಾನಿಂಗ್ ನೋಡಿಕೊಂಡರು. ಆ ವರ್ಷದ ಕೊನೆಯ ದಿನವೇ ಹಾಲಿ ಇನ್ ಎಂಬ ಹೋಟೆಲಿನ ಬಾಗಿಲು ತೆರೆಯಿತು. ಅಷ್ಟು ಬೇಗ ಹೋಟೆಲು ಎದ್ದದ್ದು ನನಗೆ ಆಶ್ಚರ್ಯ ತರಲಿಲ್ಲ, ಅಷ್ಟು ಬೇಗ ನಕ್ಷೆಗೆ ಮಂಜೂರಾತಿ ಸಿಕ್ಕಿದ್ದೇ ಆಶ್ಚರ್ಯ.

ಆ ನಕ್ಷೆಯ ಬಗ್ಗೆ ನನಗೊಂದು ಸ್ವಂತ ತಕರಾರಿದೆ. ಊರಿನ ನಡುಭಾಗದಲ್ಲಿ ಬೀದಿಗಳು ನೇರವಾಗಿ ಹೋಗುವುದೆಂದರೆ ಮರ್ಯಾದೆಗೇಡೆಂದು ತಿಳಿದಂತೆ ಬಳುಕುತ್ತವೆ. ಮಧ್ಯದ ಹಸಿರು ಬಯಲಿನ ಸುತ್ತ ಬಳ್ಳಿ ಹಬ್ಬಿಸಿದ ಹಾಗೆ ದಾರಿಗಳನ್ನು ಬಿಟ್ಟಿದ್ದಾರೆ. ನಡೆಯುವವನಿಗೆ ಆತುರ ಬರಬಾರದೆಂಬುದು ಉದ್ದೇಶವಿರಬೇಕು. ‘ನಾನು ಸರ್ವೆಯವನು, ನನಗೇನು ಮ್ಯಾಪು ತೋರಿಸುತ್ತೀ?’ ಎಂದು ಮಗನಿಗೆ ಗದರಿ, ಮೊಬೈಲನ್ನು ಕಾರಿನಲ್ಲೇ ಚಾರ್ಜಿಗೆ ಹಾಕಿ, ಹೆಂಡತಿಯೊಡನೆ ಹೊರಟೆ. ಬಲಕ್ಕೆ ಮೂರು ಸಲ ತಿರುಗಿದರೆ ಹೊರಟ ಕಡೆಗೇ ಮುಖ ಮಾಡಿರುತ್ತೇವೆಂಬುದು ಸರಪಳಿ ಹಿಡಿದ ಹುಡುಗನಿಗೂ ಗೊತ್ತಿರುವ ಸತ್ಯ. ಇಲ್ಲಿ ಬಲಕ್ಕೆ ಮೂರು ಸಲ ತಿರುಗಿದಾಗ ಹಸಿರು ಕಿಟಕಿಗಳ ಬಿಳಿಯ ಮನೆಯೊಂದು ಎದುರಾಯಿತು. ಎಡಕ್ಕೆ ತಿರುಗಿದೆವು, ಅದೇ ಮನೆ. ಸ್ವಲ್ಪ ಯೋಚಿಸಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಡೆದೆವು; ಅದೇ ಮನೆ, ಈ ಸಲ ಹಿತ್ತಲ ಕಡೆಯಿಂದ. ಆ ಮನೆಯ ನಾಯಿ ಮೊದಲನೆಯ ಬಾರಿ ಬೊಗಳಿತು, ಎರಡನೆಯ ಬಾರಿ ನೋಡಿತು, ಮೂರನೆಯ ಬಾರಿ ಬಾಲ ಅಲ್ಲಾಡಿಸಿತು. ‘ಏನ್ರೀ, ಊರ ಮಂದಿಯ ಹೊಲ ಎಲ್ಲ ಹಿಂಗೇ ಅಳೆದಿದ್ದೇನು ನೀವು?’ ಎಂದು ಹೆಂಡತಿ ಬಹಳ ಮೆತ್ತಗೆ ಕೇಳಿದಳು. ಒಂದೇ ಒಂದು ಬಾಂದುಕಲ್ಲು ಕಂಡಿದ್ದರೂ ಉತ್ತರ ಕೊಡುತ್ತಿದ್ದೆ.

ಕೊನೆಗೆ ಕಾಲುಗಳು ತಾವಾಗಿಯೇ 1901ರಲ್ಲಿ ತೆರೆದ ಕೆರೊಲಿನಾ ಹೋಟೆಲಿನ ಮುಂದೆ ತಂದು ನಿಲ್ಲಿಸಿದವು. ಬಿಳಿಯ ಬಣ್ಣದ ಭಾರಿ ಕಟ್ಟಡ, ಉದ್ದನೆಯ ವರಾಂಡ, ಸಾಲಾಗಿ ತೂಗುಕುರ್ಚಿಗಳು. ಮೊದಮೊದಲಿನ ಅತಿಥಿಗಳು ಸದರ್ನ್ ಪೈನ್ಸ್ ನಿಲ್ದಾಣದಲ್ಲಿ ರೈಲಿಳಿದು ಈ ಊರಿಗೆ ಟ್ರಾಲಿಯಲ್ಲಿ ಬರುತ್ತಿದ್ದರಂತೆ. ವಿಶ್ರಾಂತಿಗೆ ಬಂದವರು ಕುರ್ಚಿಯಲ್ಲಿ ಎಷ್ಟು ದಿನ ತೂಗಿಯಾರು? ಈ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಗನ ಮನೆಯಲ್ಲಿ ನಾನೂ ವಿಶ್ರಾಂತಿಯ ಐದನೆಯ ವಾರದಲ್ಲಿದ್ದೆ. ಹಾಲಿಗಾಗಿ ಕಟ್ಟಿದ್ದ ಹಸುಗಳ ಹುಲ್ಲುಗಾವಲಿಗೆ ಕೆಲವರು ಕೋಲು ಹಿಡಿದು ನುಗ್ಗಿ ಬಿಳಿಯ ಚೆಂಡುಗಳನ್ನು ಹೊಡೆಯತೊಡಗಿದರೆಂದೂ, ಹಸುಗಳು ಬೆದರಿದವೆಂದೂ, ಅದಕ್ಕೇ ಟಫ್ಟ್ಸ್ 1898ರ ಹೊತ್ತಿಗೆ ಒಂಬತ್ತು ಗುಳಿಗಳ ಗಾಲ್ಫ್ ಮೈದಾನ ಮಾಡಿಸಿದನೆಂದೂ ಊರಿನವರು ಇಂದಿಗೂ ಕಥೆ ಹೇಳುತ್ತಾರೆ. 1900ರಲ್ಲಿ ಸ್ಕಾಟ್ಲೆಂಡಿನ ಡಾರ್ನಾಕಿನ ಡೊನಾಲ್ಡ್ ರಾಸ್ ಬಂದು ಸೇರಿಕೊಂಡ ಮೇಲೆ ಕಥೆ ಹಸುಗಳ ಕೈ ಮೀರಿತು. ಅವರು ರೂಪಿಸಿ 1907ರಲ್ಲಿ ಪೂರ್ಣಗೊಳಿಸಿದ ಎರಡನೆಯ ನಂಬರಿನ ಮೈದಾನದಲ್ಲಿ ಇಂದಿಗೂ ಆಗಾಗ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ನಡೆಯುತ್ತದೆ.

ಆ ಮೈದಾನವನ್ನು ಬೇಲಿಯಾಚೆಯಿಂದ ನೋಡಿದೆ. ಗುಳಿಯ ಸುತ್ತಲಿನ ನೆಲ ಕವುಚಿಟ್ಟ ತಟ್ಟೆಯ ಹಾಗೆ ನಡುವೆ ಉಬ್ಬಿ ಅಂಚಿಗೆ ಇಳಿಯುತ್ತದೆ. ಕೆಂಪು ಟೊಪ್ಪಿಗೆಯ ಹಿರಿಯರೊಬ್ಬರು ಬಹಳ ಹೊತ್ತು ಧ್ಯಾನಿಸಿ ಹೊಡೆದ ಚೆಂಡು ಗುಳಿಯ ಪಕ್ಕಕ್ಕೇ ಬಂದು, ಒಂದು ಗಳಿಗೆ ನಿಂತು, ಮನಸ್ಸು ಬದಲಾಯಿಸಿ, ನಿಧಾನವಾಗಿ ಅಂಚಿನತ್ತ ಉರುಳಿ, ಕೆಳಗಿಳಿದು, ನನ್ನ ಕಾಲಿನಿಂದ ಎರಡು ಮಾರು ದೂರಕ್ಕೆ ಬಂದು ನಿಂತಿತು. ವಯಸ್ಸಾದವರಿಗೆ ಯಾಕೆ ತೊಂದರೆ ಎಂದು ನಾನು ಚೆಂಡನ್ನು ಎತ್ತಿ, ಶಾಲಿನಲ್ಲಿ ಒರೆಸಿ, ಎರಡೂ ಕೈಗಳಿಂದ ಅವರಿಗೆ ಒಪ್ಪಿಸಿದೆ. ಅವರ ಮುಖದಲ್ಲಿ ಮೂಡಿದ ಭಾವವನ್ನು ನಾನು ಹಿಂದೆ ಒಮ್ಮೆ ಮಾತ್ರ ಕಂಡಿದ್ದೆ, ಹದ್ದುಬಸ್ತಿನಲ್ಲಿ ಒಬ್ಬ ರೈತನ ಬಾವಿ ಪಕ್ಕದವನ ಹೊಲಕ್ಕೆ ಸೇರಿದಾಗ.

ಆಟಗಾರರಲ್ಲದವರಿಗೂ ಆಗ ಆಕರ್ಷಣೆಗಳಿದ್ದವು. ಡೇರಿಯ ಐರ್‌ಶೈರ್ ಹಸುಗಳು, ಟೆನ್ನಿಸ್, ಕುದುರೆ ಸವಾರಿ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬಂದೂಕಿನ ಆ್ಯನಿ ಓಕ್ಲಿಯ ಕಥೆ. ಪ್ರಖ್ಯಾತ ಗುರಿಕಾರ್ತಿಯಾದ ಆಕೆ 1915ರ ಸುಮಾರಿನಿಂದ ಕೆಲವು ಚಳಿಗಾಲಗಳನ್ನು ಗಂಡ ಫ್ರಾಂಕ್ ಬಟ್ಲರ್ ಜೊತೆ ಇಲ್ಲೇ ಕಳೆದು, ಅತಿಥಿಗಳಿಗೆ, ಅದರಲ್ಲೂ ಹೆಂಗಸರಿಗೆ, ಗುರಿ ಹೊಡೆಯುವುದನ್ನು ಕಲಿಸುತ್ತಿದ್ದಳು. ತಮ್ಮ ನಾಯಿ ಡೇವ್‌ನ ತಲೆಯ ಮೇಲೆ ಸೇಬಿಟ್ಟು ಹಾರಿಸುತ್ತಿದ್ದಳಂತೆ. ಇದನ್ನು ಕೇಳಿ ನನ್ನ ಹೆಂಡತಿ ನನ್ನ ಮಂಕಿ ಕ್ಯಾಪಿನ ತುದಿಯ ಉಣ್ಣೆಯ ಚೆಂಡನ್ನೇ ಒಂದು ಕ್ಷಣ ದಿಟ್ಟಿಸಿದಳು.

ನಡುವೆ ಒಂದು ಮಾತು. ಆ ವರಾಂಡದಲ್ಲಿ ಕುಳಿತು ನಾನು ಕೆಮ್ಮಿದಾಗ, ಅಂದು ಬಂದಿದ್ದರೆ ನನಗಿಲ್ಲಿ ಕುರ್ಚಿ ಸಿಗುತ್ತಿರಲಿಲ್ಲ ಎಂಬುದು ಹೊಳೆಯಿತು. ಟಫ್ಟ್ಸ್ ಮೊದಲು ಯೋಚಿಸಿದ್ದೇ ಕ್ಷಯರೋಗಿಗಳ ಆರೈಕೆಯನ್ನು. ಅದು ಅಂಟುರೋಗವೆಂದು ಮನವರಿಕೆಯಾದ ಮೇಲೆ ಕೆಮ್ಮುವವರಿಗೆ ಬಾಗಿಲು ಮುಚ್ಚಿತು. ಬಣ್ಣದ ವಿಚಾರದಲ್ಲಂತೂ ಆ ಕಾಲದ ದಕ್ಷಿಣದ ಕಾನೂನೇ ಗೋಡೆ ಕಟ್ಟಿತ್ತು. ಗಾಲ್ಫ್ ಚೀಲ ಹೊತ್ತ, ಹೋಟೆಲಿನಲ್ಲಿ ದುಡಿದ ಕಪ್ಪು ಜನರ ವಸತಿ ಪಕ್ಕದ ಟೇಲರ್‌ಟೌನಿನಲ್ಲಿ. ನಕ್ಷೆಯ ಬಳುಕಿನಲ್ಲಿ ದಾರಿ ತಪ್ಪುವ ಭಾಗ್ಯವೂ ಎಲ್ಲರಿಗೂ ಇರಲಿಲ್ಲ.

ಹೊಟ್ಟೆ ಉಬ್ಬರಿಸಿತ್ತು. ಸೋಡಾದವನು ಕಟ್ಟಿದ ಊರಲ್ಲವೇ ಎಂದು ಹತ್ತಿರದ ತಿಂಡಿ ಅಂಗಡಿಯಲ್ಲಿ ಸೋಡಾ ಕೇಳಿದೆ. ‘ಯಾವುದು?’ ಎಂದರು. ಸೋಡಾದಲ್ಲಿ ಯಾವುದೆಂದರೇನು ಎಂದು ‘ಸಾದಾ’ ಎಂಬ ಅರ್ಥ ಬರುವಂತೆ ಕೈಯಾಡಿಸಿದೆ. ಬಂದದ್ದು ಬಕೆಟ್ಟಿನಂಥ ಲೋಟದ ತುಂಬ ಐಸು, ಅದರ ಸಂದಿನಲ್ಲಿ ಪಾಕದಂತೆ ಸಿಹಿಯಾದ ಕಪ್ಪು ಪಾನೀಯ. ಈ ದೇಶದಲ್ಲಿ ಸೋಡಾ ಎಂದರೆ ಅದೇ ಅಂತೆ. ದುಡ್ಡು ಕೊಟ್ಟಾಗಿತ್ತು, ಏಳು ಡಿಗ್ರಿಯಲ್ಲಿ ಹಲ್ಲು ಕಡಿಯುತ್ತಾ ಕುಡಿದೆ.

‘ಮೂರಕ್ಕೆ ಸರಿಯಾಗಿ ಕಾರಿನ ಹತ್ತಿರ ಬಂದುಬಿಡಿ’ ಎಂದಿದ್ದ ಮಗ. ಗಡಿಯಾರವಿಲ್ಲ, ಮೊಬೈಲಿಲ್ಲ. ಆದರೆ ಗಾಲ್ಫ್ ಕೋಲು ಹಿಡಿದ ಪುಟ್ಟ ಹುಡುಗನ ಕಂಚಿನ ಪ್ರತಿಮೆಯೊಂದು ಕಣ್ಣಿಗೆ ಬಿತ್ತು. 1912ರ ಈ ‘ಪಟ್ಟರ್ ಬಾಯ್’ ಬರೀ ಬೊಂಬೆಯಲ್ಲ, ನೆರಳು ಗಡಿಯಾರ. ಸೂರ್ಯನಿದ್ದ, ನೆರಳಿತ್ತು, ನೆರಳು ಎರಡೂವರೆ ಎಂದಿತು. ಇನ್ನೂ ಅರ್ಧ ಗಂಟೆಯಿದೆ ಎಂದು ನಿಶ್ಚಿಂತೆಯಿಂದ ಮತ್ತೊಂದು ಸುತ್ತು ಹೊರಟು, ಆ ಬಿಳಿಯ ಮನೆಯ ನಾಯಿಯನ್ನು ಮತ್ತೆರಡು ಸಲ ಮಾತಾಡಿಸಿ ಕಾರಿನ ಬಳಿಗೆ ಬಂದಾಗ ನಾಲ್ಕಾಗುತ್ತಿತ್ತು. ಮಗನ ವಿವರಣೆಯಿಂದ ನನ್ನ ಮಾನ ಪೂರ್ತಿ ಹೋಯಿತು: ಅಲ್ಲಿಯ ಗಡಿಯಾರ ನಡೆಯುವುದು 75 ಡಿಗ್ರಿ ರೇಖಾಂಶದ ಮೇಲೆ, ಊರಿರುವುದು ಅದಕ್ಕಿಂತ ನಾಲ್ಕೂವರೆ ಡಿಗ್ರಿ ಪಶ್ಚಿಮಕ್ಕೆ, ಜನವರಿಯಲ್ಲಿ ಸೂರ್ಯನೂ ಒಂದಿಷ್ಟು ತಡ, ಎಲ್ಲ ಸೇರಿ ನೆರಳು ಅರ್ಧ ಗಂಟೆಯಷ್ಟು ಹಿಂದೆ. ದಾವಣಗೆರೆಯ ನೆರಳೂ 82.5 ಡಿಗ್ರಿಯ ನಮ್ಮ ಗಡಿಯಾರಕ್ಕಿಂತ ಹಾಗೆಯೇ ಹಿಂದಿರುತ್ತದೆಂದು ಟ್ರೈನಿಂಗಿನಲ್ಲಿ ನಾನು ಪರೀಕ್ಷೆ ಬರೆದು ಪಾಸಾದವನು.

ಇಷ್ಟೆಲ್ಲದರ ನಡುವೆ ಹೆಂಡತಿ ತನ್ನ ಕೆಲಸ ಮಾಡಿಕೊಂಡಿದ್ದಳು. ಅಲ್ಲಿಯ ನೀಳ ಸೂಜಿಯೆಲೆಯ ಪೈನಿನ ಕಾಯಿಗಳು ಒಂದೊಂದೂ ಗೇಣುದ್ದ, ಪ್ರತಿ ಎಸಳಿನ ತುದಿಗೂ ಒಂದು ಮುಳ್ಳು. ಹಿಂದಿನ ರಾತ್ರಿಯ ಮಳೆಗೆ ನೆನೆದು ಮೊಗ್ಗಿನಂತೆ ಬಿಗಿದುಕೊಂಡಿದ್ದ ಎಂಟು ಕಾಯಿಗಳನ್ನು ‘ನಮ್ಮ ಬಚ್ಚಲ ಒಲೆಗಾದರೆ ಎಷ್ಟು ಛಲೋ ಇರ್ತಿತ್ರೀ’ ಎಂದು ಆರಿಸಿ, ನನ್ನ ಕೋಟಿನ ಜೇಬುಗಳಿಗೆ ತುರುಕಿದ್ದಳು. ಇದು ನನಗೆ ತಿಳಿದದ್ದು ಕಾರಿನಲ್ಲಿ ಕುಳಿತಾಗ. ಕ್ಯಾರಿಯವರೆಗೆ ಒಂದೇ ಮಗ್ಗುಲಲ್ಲಿ ಬಂದೆ.

ಅಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಜಾರದಲ್ಲಿ ಚಟ್ ಎಂದಿತು. ಸ್ವಲ್ಪ ತಡೆದು ಚಟ್ ಚಟ್. ಇಲಿಯೋ ಕಳ್ಳನೋ ಎಂದು ಕಂಬಳಿ ಹೊದ್ದು, ಕೈಗೆ ಸಿಕ್ಕ ಕೊಡೆ ಹಿಡಿದು ಹೋದೆ. ದೀಪ ಹಾಕಿದರೆ, ಬಿಸಿಗಾಳಿಯ ಜಾಲರಿಯ ಮುಂದೆ, ಹಗಲೆಲ್ಲ ನಾನು ಕೂರುವ ಜಾಗದಲ್ಲೇ, ಎಂಟು ಕಾಯಿಗಳು ಸಾಲಾಗಿ ಕುಳಿತಿದ್ದವು. ತೇವ ಆರಿ, ಎಸಳು ಬಿಚ್ಚಿ, ಒಂದೊಂದೂ ಎರಡರಷ್ಟು ಅಗಲವಾಗಿ ಅರಳುತ್ತಿದ್ದವು. ಕಣ್ಣುಜ್ಜುತ್ತಾ ಬಂದ ಮಗ ಅವನ್ನೂ ನನ್ನ ಕೊಡೆಯನ್ನೂ ನೋಡಿದ.

‘ಏನಿಲ್ಲ ಮಲಗಿ ಅಪ್ಪಾ’ ಎಂದ. ‘ಅವಕ್ಕೆ ಬೆಚ್ಚಗಾಯಿತು, ಅಷ್ಟೆ.’